ನರಳಿದ ಬಂಡೆ

ಹೊಸ ಪಾಠಗಳೆಲ್ಲ ಸಂಕ್ರಾಂತಿಗೇ ಮುಗಿದಿದ್ದವು. ಆಮೇಲಿನದೆಲ್ಲ ಹಳೆಯದನ್ನೇ ತಿರುವಿಹಾಕುವ ಕೆಲಸ. ಬಂಗಾರಪೇಟೆಯಲ್ಲಿ ರೈಲು ಹಳಿಗೆ ಬೆನ್ನು ಮಾಡಿ ಕೂತಿದ್ದ ಹೈಸ್ಕೂಲಿನ ಕೊನೆಯ ಕೊಠಡಿಯಲ್ಲಿ ಸುಬ್ಬರಾಯಪ್ಪ ಮೇಷ್ಟ್ರು ಎಸ್ಸೆಸ್ಸೆಲ್ಸಿಯವರನ್ನು ಕೂಡಿಹಾಕಿಕೊಂಡು ಕನ್ನಡ ಹೇಳಿಕೊಡುತ್ತಿದ್ದರು. ಗೂಡ್ಸ್ ಗಾಡಿ ಹಾದುಹೋಗುವಾಗ ಬಾಯಿ ಮುಚ್ಚಿ ನಿಂತು, ಅದು ಹೋದ ಮೇಲೆ ನಿಲ್ಲಿಸಿದ ಅಕ್ಷರದಿಂದಲೇ ಮತ್ತೆ ಶುರುಮಾಡುತ್ತಿದ್ದರು.

“ಉಪಮೆಗೆ ನಾಲ್ಕು ಕಾಲು. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ. ಒಂದು ಮುರಿದ್ರೂ ಕುಂಟುತ್ತೆ. ವೆಂಕಟಸ್ವಾಮಿ, ನೀನೊಂದು ಹೇಳು.”

ಹಿಂದಿನ ಬೆಂಚಿನ ವೆಂಕಟಸ್ವಾಮಿ ಎದ್ದು ನಿಂತು ತಲೆ ಕೆರೆದುಕೊಂಡ. “ನಮ್ಮ ಮೇಷ್ಟ್ರು ಹುಲಿಯಂತೆ ಇದಾರೆ ಸಾ.”

“ನಾನು ಉಪಮೇಯ. ಹುಲಿ ಉಪಮಾನ. ‘ಅಂತೆ’ ಅನ್ನೋದು ವಾಚಕ. ಸಮಾನಧರ್ಮ ಎಲ್ಲೋ?”

“ಕಣ್ಣಿಗೆ ಬೀಳ್ದಿದ್ರೆ ಇಬ್ರೂ ಒಳ್ಳೇವ್ರೇ ಸಾ.”

ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ನಗು ಅಡಗಿದ ಮೇಲೆ ಬೋರ್ಡು ಒರೆಸಿ ಪ್ರಬಂಧದ ಮಾತೆತ್ತಿದರು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. “ಪೇಪರ್ ತಿದ್ದೋನು ಪೀಠಿಕೆ ಓದ್ತಾನೆ, ಉಪಸಂಹಾರ ಓದ್ತಾನೆ, ನಡುವಿನದು ಅವನಿಗೆ ನಿದ್ದೆ ಬಂದಂಗೆ. ನೇರವಾಗಿ ಸಂಗತಿಗೆ ನುಗ್ಗಬೇಡಿ. ಮುಂದೆ ಆಗೋದರ ನೆರಳು ಪೀಠಿಕೆಯಲ್ಲೇ ಬೀಳಬೇಕು. ಬಿರುಗಾಳಿ ಬಗ್ಗೆ ಬರೆಯೋನು ಮೊದಲು ಒಂದು ಎಲೆ ಅಲ್ಲಾಡಿಸಬೇಕು.”

ಹುಡುಗಿಯರ ಬೆಂಚಿನ ತುದಿಯಲ್ಲಿ ಕೂತಿದ್ದ ಆದಿಲಕ್ಷ್ಮಿಗೆ ಇದು ಹೊಸದೇನೂ ಆಗಿರಲಿಲ್ಲ. ಅಮ್ಮನಿಲ್ಲದ ಆ ಹುಡುಗಿಯನ್ನು ಕಾಮಸಮುದ್ರದಾಚೆಯ ಹಳ್ಳಿಯಲ್ಲಿ ಸಾಕಿದ್ದು ತಾಯಿಯ ತಾಯಿ ಓಬಳಮ್ಮ. ಹೊಟ್ಟೆಗೆ ರಾಗಿ ಅಂಬಲಿ, ಕಿವಿಗೆ ಕಥೆ. ಆ ಕಥೆಗಳಲ್ಲಿ ಸೂಚನೆಯಿಲ್ಲದೆ ಯಾರೂ ಸಾಯುತ್ತಿರಲಿಲ್ಲ. ರಾಜ ಸಾಯುವ ದಿನ ಲಾಯದ ಕುದುರೆ ಹುಲ್ಲು ಮುಟ್ಟುವುದಿಲ್ಲ. ಸೊಸೆಯನ್ನು ಬಾವಿಗೆ ತಳ್ಳುವ ಮೊದಲು ಬಾವಿಯ ಕಲ್ಲು ‘ಬರಬೇಡ ಮಗಳೇ’ ಎನ್ನುತ್ತದೆ. ಕೇಳಿಸಿಕೊಂಡವರು ಬದುಕುತ್ತಾರೆ, ಕೇಳಿಸಿಕೊಳ್ಳದವರಿಗಾಗಿ ಮರ ಗಿಡ ಎಲ್ಲ ಅಳುತ್ತವೆ. ಲೋಕ ಇರುವುದೇ ಹಾಗೆಂದು ಆದಿಲಕ್ಷ್ಮಿ ನಂಬಿ ಬೆಳೆದಿದ್ದಳು. ಆದುದರಿಂದ ಉಪಮೆಗಳು ಅವಳ ಲೇಖನಿಗೆ, ಕರೆಯದೆ ಬರುವ ನೆಂಟರ ಹಾಗೆ, ತಾವಾಗಿ ಬರುತ್ತಿದ್ದವು. ಮೇಷ್ಟ್ರು ಅವಳ ಪ್ರಬಂಧಗಳನ್ನು ಅವಳನ್ನೇ ಎದ್ದುನಿಲ್ಲಿಸಿ ಓದಿಸುತ್ತಿದ್ದರು.

ಅವಳನ್ನು ಓದಿಸುತ್ತಿದ್ದವನು ಓಬಳಮ್ಮನ ಮಗ ಕದಿರಪ್ಪ. ಅವಳ ಸೋದರಮಾವ. ಚಾಂಪಿಯನ್ ರೀಫ್ಸಿನಲ್ಲಿ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಚಿನ್ನದ ಗಣಿಯೊಳಗೆ ಡ್ರಿಲ್ ಹಿಡಿಯುತ್ತಿದ್ದ. ಕಂಟ್ರಾಕ್ಟರನೇ ಕಟ್ಟಿಸಿದ ತಟ್ಟಿ ಗೋಡೆಯ ಸಾಲುಮನೆಗಳಿಗೆ ಲೈನ್ ಎನ್ನುತ್ತಿದ್ದರು. ಅದರಲ್ಲಿ ಒಂದು ಮನೆಯಲ್ಲಿ ಕದಿರಪ್ಪ, ಅವನ ಹೆಂಡತಿ ಚಿಕ್ಕಮುನಿಯಮ್ಮ, ಜೊತೆಗೆ ಈ ಹುಡುಗಿ. ದಿನವೂ ರೈಲಿನಲ್ಲಿ ಹೋಗಿಬರುವುದು. ಅವಳು ಸಂಜೆ ಬಾಗಿಲಿಗೆ ಬಂದರೆ ಸಾಕು, ಮಾವ ಕೂತಲ್ಲಿಂದಲೇ ಕೇಳುತ್ತಿದ್ದ:

“ಏನಮ್ಮಣ್ಣಿ, ಇವತ್ತು ಎಷ್ಟು ಉಪಮೆ ಒತ್ಕೊಂಡ್ ಬಂದೆ?”

“ನಿನಗಿಂತ ಭಾರದ್ದು ಮಾವ.”

“ಅಂಗಾದ್ರೆ ನಿಮ್ಮತ್ತೇಗೆ ಕೊಡು. ಮುದ್ದೆ ಗಟ್ಟಿಯಾಗ್ಲಿ.”

ಚಿಕ್ಕಮುನಿಯಮ್ಮ ಒಲೆಯ ಮುಂದಿನಿಂದ ಸೌದೆಯ ಚೂರೊಂದನ್ನು ಗಂಡನತ್ತ ಎಸೆಯುತ್ತಿದ್ದಳು. ತಾಕುವಂತೆ ಎಂದೂ ಎಸೆದವಳಲ್ಲ.

ಮಾಘದ ಕೊನೆಯಲ್ಲಿ ಒಂದು ದಿನ ಆದಿಲಕ್ಷ್ಮಿ ರೈಲಿಳಿದಾಗ ಚಾಂಪಿಯನ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವಳೂ ಇರಲಿಲ್ಲ. ಲೈನಿನಲ್ಲಿ ಬಾಗಿಲುಗಳೆಲ್ಲ ತೆರೆದಿದ್ದವು, ಒಳಗೆ ಯಾರೂ ಇರಲಿಲ್ಲ. ಮನೆಯಲ್ಲಿ ಅಟ್ಟಣಿಗೆಯ ಪಾತ್ರೆಗಳು ನೆಲಕ್ಕುರುಳಿ, ಉಪ್ಪಿನಕಾಯಿ ಭರಣಿ ಒಡೆದು ಎಣ್ಣೆ ಹೊಸಿಲವರೆಗೆ ಹರಿದಿತ್ತು. ಮಧ್ಯಾಹ್ನ ಭೂಮಿಯೊಳಗೆ ಬಂಡೆ ಸಿಡಿದಿತ್ತು. ಒಳಗಿನ ಒತ್ತಡ ತಡೆಯಲಾರದೆ ಕಲ್ಲು ತಾನಾಗಿ ಸಿಡಿಯುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೆಳಗೆ ಸಿಡಿದರೆ ಮೇಲೆ ಪಾತ್ರೆ ಬೀಳುತ್ತದೆ. ಪಾತ್ರೆ ಬಿದ್ದರೆ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಗಣಿಗಿಳಿಯುವ ಶಾಫ್ಟಿನ ಬಾಯಿಗೆ ಓಡುತ್ತಾರೆ. ಅವಳು ಶಾಲೆಯಲ್ಲಿ ರೂಪಕಕ್ಕೂ ಉಪಮೆಗೂ ಇರುವ ವ್ಯತ್ಯಾಸ ಬರೆಯುತ್ತಿದ್ದ ಹೊತ್ತಿನಲ್ಲಿ ಚಿಕ್ಕಮುನಿಯಮ್ಮ ಓಡಿದ್ದಳು.

ಕದಿರಪ್ಪನ ಜೊತೆ ಡ್ರಿಲ್ ಹಿಡಿಯುತ್ತಿದ್ದ ಕುಪ್ಪುಸ್ವಾಮಿಯನ್ನು ಆ ಸಂಜೆಯೇ ಮೇಲಕ್ಕೆ ತಂದರು. ಜೀವವಿತ್ತು, ಬಲಗಾಲು ನುಚ್ಚಾಗಿತ್ತು. ಕದಿರಪ್ಪನನ್ನು ಮಾರನೆಯ ದಿನ ತಂದರು. ಮುಖ ನೋಡಲು ಬಿಡಲಿಲ್ಲ.

ಹೂತು ಬಂದ ಮೇಲೆ ಕಂಟ್ರಾಕ್ಟರನ ಮೇಸ್ತ್ರಿ ಬಂದು ಬಾಗಿಲಲ್ಲೇ ನಿಂತು ಮಾತು ಮುಗಿಸಿದ. ವಿಚಾರಣೆ ನಡೆಯುತ್ತದೆ. ಕದಿರಪ್ಪನ ತಪ್ಪೇನೂ ಇಲ್ಲವೆಂದಾದರೆ ಚಿಕ್ಕಮುನಿಯಮ್ಮನಿಗೆ ಮೇಲೆ ಕಲ್ಲು ಆರಿಸುವ ಕೆಲಸ ಸಿಗುತ್ತದೆ, ಇದೇ ಮನೆಯಲ್ಲಿ ಇರಬಹುದು. ಅವನದೇ ತಪ್ಪೆಂದಾದರೆ ಕೆಲಸವೂ ಇಲ್ಲ, ಮನೆಯೂ ಇಲ್ಲ. ಆ ಜಾಗದಿಂದ ಬದುಕಿ ಬಂದವನು ಕುಪ್ಪುಸ್ವಾಮಿಯೊಬ್ಬನೇ, ಅವನ ಹೇಳಿಕೆಯನ್ನು ಬರೆಸಿ ಕೊಡಬೇಕು.

“ಅಧಿಕಾರಿ ಮೈಸೂರು ಕಡೆಯೋರು. ತಮಿಳಲ್ಲಿ ಕೊಟ್ರೆ ತರ್ಜುಮೆಗೆ ಅಂತ ಕೂತುಬಿಡ್ತದೆ. ಕನ್ನಡದಾಗೇ ಬರ್ಸಿ.” ಅವನು ಆದಿಲಕ್ಷ್ಮಿಯ ಕಡೆ ಕತ್ತು ತಿರುಗಿಸಿದ. “ಮನೇಲೇ ಐತಲ್ಲ ಓದಿರೋ ಮಗು.”

ಕುಪ್ಪುಸ್ವಾಮಿಯನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ದೀಪ ಹಚ್ಚುವ ಹೊತ್ತಿಗೆ ಚಿಕ್ಕಮುನಿಯಮ್ಮ, ಆದಿಲಕ್ಷ್ಮಿ ಇಬ್ಬರೂ ಅಲ್ಲಿಗೆ ಹೋದರು. ಅವನು ಚಾಪೆಯ ಮೇಲೆ ಕಾಲು ನೀಡಿ ಮಲಗಿದ್ದ. ಕಾಲಿಗೆ ಕಟ್ಟಿದ ಪಟ್ಟಿಯಿಂದ ಔಷಧಿಯ ಘಾಟು ಬರುತ್ತಿತ್ತು. ಲೈನಿನ ಹೆಂಗಸರು ಬಂದು ಗೋಡೆಗೊರಗಿ ಕೂತರು.

“ಏನಾಯ್ತು ಹೇಳಿ ಮಾಮ, ಬರ್ಕೊಳ್ತೀನಿ” ಎಂದಳು ಆದಿಲಕ್ಷ್ಮಿ.

“ಏನ್ ಏಳ್ಲಿ ಪಾಪಾ. ಸದ್ದಿಲ್ಲ, ಒಂದೂ ಇಲ್ಲ. ಕದಿರಣ್ಣ ಬೀಡಿ ಕೇಳ್ದ. ಕೆಳಗೆ ಸೇದೋಂಗಿಲ್ಲ. ದಿನಾ ಅಂಗೇ ಕೇಳ್ತಾನೆ, ತಮಾಸೆಗೆ. ನಾನು ನಗ್ತಿದ್ದೆ. ಆಮೇಲೆ ಕಣ್ ಬಿಟ್ರೆ ಬಾಯ್ ತುಂಬಾ ಮಣ್ಣು.”

“ಆಮೇಲೆ?”

“ಅಷ್ಟೇ. ಆಮೇಲೆ ಏನೈತೆ.”

ಅವಳು ಲೇಖನಿ ಹಿಡಿದು ಕೂತಳು. ಇಷ್ಟೇ ಬರೆದರೆ ಬೆರಳುದ್ದವೂ ಆಗುವುದಿಲ್ಲ. ಮಾವನಂಥ ಮಾವ ಒಂದು ಬೀಡಿಯ ಮಾತಿಗೂ ಒಂದು ಬಾಯಿ ಮಣ್ಣಿಗೂ ನಡುವೆ ಇಲ್ಲವಾಗಿಬಿಟ್ಟ ಎಂದರೆ ಅವಳ ಮನಸ್ಸು ಒಪ್ಪಲಿಲ್ಲ. ಕುದುರೆ ಹುಲ್ಲು ಬಿಡಲಿಲ್ಲ, ಕಲ್ಲು ಮಾತಾಡಲಿಲ್ಲ, ಯಾರೂ ಏನೂ ಹೇಳದೆ ಅವನನ್ನು ಕರೆದುಕೊಂಡು ಹೋದರೇ? ಅಧಿಕಾರಿ ಇದನ್ನು ಓದಿ ಅಳಬೇಕು, ಅತ್ತೆಯ ಮನೆ ಉಳಿಸಬೇಕು. ಬರಿಯ ಸಂಗತಿಗೆ ಯಾರು ಅಳುತ್ತಾರೆ? ಪೀಠಿಕೆ ಬೇಕು. ಅವಳು ಬಗ್ಗಿ ಬರೆಯತೊಡಗಿದಳು. ಒಂದು ಮಾತಿನ ಹಿಂದೆ ಇನ್ನೊಂದು ಬಂತು. ಮುಗಿಸಿ, ದೀಪದ ಹತ್ತಿರ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದಳು.

“ಅಂದು ಬೆಳಗಿನಿಂದಲೇ ಬಂಡೆಯು ದಿನ ತುಂಬಿದ ಬಸುರಿಯಂತೆ ಒಳಗೊಳಗೇ ನರಳುತ್ತಿತ್ತು. ‘ಮಕ್ಕಳೇ, ಹಿಂದಿರುಗಿ ಹೋಗಿ’ ಎಂದು ಭೂತಾಯಿ ಕೂಗುತ್ತಿದ್ದಳು. ಮನೆಯವರ ತುತ್ತಿಗಾಗಿ ದುಡಿಯುವವನಿಗೆ ಹಿಂದಿರುಗುವ ದಾರಿ ಎಲ್ಲಿದೆ? ಕದಿರಪ್ಪನು ನಗುನಗುತ್ತಲೇ ಕೆಲಸದಲ್ಲಿ ನಿಂತಿದ್ದನು…”

ಮುಂದಿನದು ಕೇಳಿಸದಂತೆ ಹೆಂಗಸರು ಅತ್ತರು. ಹೂಳುವ ದಿನ ಕಲ್ಲಾಗಿ ಕೂತಿದ್ದ ಚಿಕ್ಕಮುನಿಯಮ್ಮ ಈಗ ಸೆರಗು ಬಾಯಿಗೆ ತುರುಕಿಕೊಂಡಳು. ಕುಪ್ಪುಸ್ವಾಮಿಯ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು.

“ಒಪ್ಪಾರಿ ಮಾದಿರಿ ಐತೆ ಪಾಪಾ” ಎಂದ ಅವನು. “ನಮ್ಮಮ್ಮ ಇಂಗೇ ಆಡ್ತಿದ್ಲು.”

ಒಪ್ಪಾರಿ ಎಂದರೆ ತಮಿಳು ಹೆಂಗಸರು ಹೆಣದ ಸುತ್ತ ಕೂತು ಎದೆ ಬಡಿದುಕೊಂಡು ಹಾಡುವ ಹಾಡು. ಅಲ್ಲಿ ಕೂಲಿಯವನೂ ರಾಜ, ಅವನಿಗಾಗಿ ಬೆಟ್ಟ ಬಿರಿಯುತ್ತದೆ, ಬಾವಿ ಬತ್ತುತ್ತದೆ. ಅದು ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ. ಕುಪ್ಪುಸ್ವಾಮಿಯೂ ಕೇಳಲಿಲ್ಲ. ಕದಿರಪ್ಪನಿಗೆ ಅಳಲು ಬಂದವರ ಸಾಲಿನಲ್ಲಿ ತಾನೂ ಒಬ್ಬನೆಂದುಕೊಂಡು ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಮನೆಗೆ ಮರಳುವಾಗ ಆದಿಲಕ್ಷ್ಮಿಗೆ ದುಃಖದ ಒಳಗೆಲ್ಲೋ ಒಂದು ಸಂತೋಷ ಮಿಸುಕುತ್ತಿತ್ತು. ತಾನು ಬರೆದದ್ದು ಒಂದು ಮನೆ ತುಂಬ ಜನರನ್ನು ಅಳಿಸಿತ್ತು.

ಮೇಸ್ತ್ರಿಗೆ ಕೊಡುವ ಮೊದಲು ಕಾಗುಣಿತದ ತಪ್ಪಿದ್ದರೆ ತಿದ್ದಿಸೋಣವೆಂದು ಅದನ್ನು ಶಾಲೆಗೆ ಒಯ್ದಳು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಓದುತ್ತ ಅವರ ಕೆಂಪು ಪೆನ್ಸಿಲು ಅಭ್ಯಾಸಬಲದಿಂದ ಮೊದಲ ಸಾಲಿನ ಕಡೆ ಹೋಯಿತು. ಏನೋ ನೆನಪಾಗಿ ತಡೆದರು.

“ಪೂರ್ಣೋಪಮೆ” ಎಂದರು ಮೆಲ್ಲಗೆ. “ನಾಲ್ಕೂ ಇದೆ. ನಿಮ್ಮ ಮಾವ ಪುಣ್ಯವಂತ ಕಣಮ್ಮ.” ಒಂದು ಒತ್ತಕ್ಷರ ಸರಿಮಾಡಿ ಹಿಂದಕ್ಕೆ ಕೊಟ್ಟರು. ಇದನ್ನು ಯಾರು ಓದುತ್ತಾರೆ, ಏತಕ್ಕೆ ಓದುತ್ತಾರೆ ಎಂದು ಅವರಿಗೂ ಹೊಳೆಯಲಿಲ್ಲ.

ವಿಚಾರಣೆ ನಡೆದದ್ದು ಕಂಟ್ರಾಕ್ಟರನ ಆಫೀಸಿನಲ್ಲಿ. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಕಡೆಯಿಂದ ಬೀಸುತ್ತಿದ್ದ ಬಿಳಿ ಧೂಳಿಗೆ ಕಿಟಕಿ ಮುಚ್ಚಿದ್ದರು. ಕುಪ್ಪುಸ್ವಾಮಿಯನ್ನು ಕುರ್ಚಿಯ ಮೇಲೆ ಕೂರಿಸಿಯೇ ನಾಲ್ವರು ಎತ್ತಿಕೊಂಡು ಬಂದರು. ಚಿಕ್ಕಮುನಿಯಮ್ಮ ಬಾಗಿಲ ಬಳಿ ನೆಲದ ಮೇಲೆ ಕೂತಳು, ಆದಿಲಕ್ಷ್ಮಿ ಅವಳ ಪಕ್ಕ ನಿಂತಳು. ಅಧಿಕಾರಿ ಕೆಟ್ಟವನಂತೆ ಕಾಣಲಿಲ್ಲ. ಕುಪ್ಪುಸ್ವಾಮಿಗೆ ನೀರು ಕೊಡಿಸಿ, ಕಾಲು ಹೇಗಿದೆಯೆಂದು ವಿಚಾರಿಸಿ, ಆಮೇಲೆ ಕಾಗದ ತೆಗೆದ. ಮೊದಲ ಸಾಲು ಓದಿ ನಿಲ್ಲಿಸಿದ. ಮತ್ತೊಮ್ಮೆ ಓದಿದ. ಅವನ ಕಣ್ಣಿಗೆ ನೀರು ಬರಲಿಲ್ಲ.

“ಬೆಳಗಿನಿಂದಲೇ ಬಂಡೆ ನರಳುತ್ತಿತ್ತು ಅಂತ ಇದೆ. ಅಂದರೆ ಸದ್ದು ಮಾಡುತ್ತಿತ್ತು.”

ಕುಪ್ಪುಸ್ವಾಮಿ ಆದಿಲಕ್ಷ್ಮಿಯ ಕಡೆ ತಿರುಗಿದ.

“ಕಲ್ಲು ಸದ್ದು ಮಾಡಿದರೆ ಏನು ಮಾಡಬೇಕು ಅಂತ ಕೆಲಸಕ್ಕೆ ಸೇರಿದ ದಿನವೇ ನಿಮಗೆಲ್ಲ ಹೇಳಿರ್ತಾರೆ. ಏನು?”

“ಕೆಲ್ಸ ಬಿಟ್ಟು ಇಂದಕ್ಕೆ ಬರ್ಬೇಕು ಸಾರ್. ಮೇಸ್ತ್ರಿಗೆ ಏಳ್ಬೇಕು.”

“ಹೇಳಿದಿರಾ?”

ಇಂಥದೊಂದು ನಿಯಮವಿದೆಯೆಂದು ಆದಿಲಕ್ಷ್ಮಿಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದ ಕುಪ್ಪುಸ್ವಾಮಿಗೆ ಒಪ್ಪಾರಿಯಲ್ಲಿ ನಿಯಮ ಹುಡುಕುವ ಯೋಚನೆಯೇ ಬಂದಿರಲಿಲ್ಲ.

ಅಧಿಕಾರಿ ಕಾಗದ ಕೆಳಗಿಟ್ಟ. “ನೋಡಪ್ಪ, ಎರಡರಲ್ಲಿ ಒಂದು. ನಿಜವಾಗಿ ಸದ್ದಾಗಿತ್ತು, ನೀವಿಬ್ಬರೂ ಹೇಳಲಿಲ್ಲ. ಇಲ್ಲ, ಸದ್ದಾಗಿರಲಿಲ್ಲ, ಇದು ಸುಳ್ಳು ಹೇಳಿಕೆ. ಇದನ್ನು ಬರೆದವರು ಯಾರು?”

ಮೇಸ್ತ್ರಿ ಬೆರಳು ತೋರಿಸಿದ.

“ಎಲ್ಲಿ ಓದ್ತೀಯಮ್ಮ?”

ಅವಳು ಶಾಲೆಯ ಹೆಸರು ಹೇಳಿದಳು.

“ಪರೀಕ್ಷೆಗೆ ಕೂರ್ತಿದ್ದೀಯಾ? ವಿಚಾರಣೆಗೆ ಸುಳ್ಳು ಬರೆದುಕೊಡೋ ಹುಡುಗಿ ಅಂತ ನಿಮ್ಮ ಹೆಡ್‌ಮಾಸ್ಟರಿಗೆ ನಾನು ತಿಳಿಸಬೇಕಾಗುತ್ತೆ. ಹೇಳು, ಇದು ಸುಳ್ಳಾ?”

ಹೌದು ಎನ್ನಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೆಡ್‌ಮಾಸ್ಟರೆಂದ ಕೂಡಲೇ ಪರೀಕ್ಷೆಯ ಕೊಠಡಿ, ಮೇಷ್ಟ್ರ ಮುಖ, ಓದಿ ಮುಗಿಸೆಂದ ಮಾವನ ಮಾತು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅವಳು ಒಂದು ಗುಟುಕು ಉಗುಳು ನುಂಗಿದಳು. ಆ ಒಂದು ಗುಟುಕಿನ ಹೊತ್ತಿನಲ್ಲಿ ಕುಪ್ಪುಸ್ವಾಮಿ ಅವಳ ಮುಖ ನೋಡಿದ, ತನ್ನ ಕಾಲು ನೋಡಿಕೊಂಡ. ಇನ್ನು ಆ ಕಾಲಿಂದ ಗಣಿಗೆ ಇಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

“ಪಾಪಾ ಸುಳ್ಳು ಬರೆಯಲ್ಲ ಸಾರ್” ಎಂದ. “ನಾನ್ ಏಳಿದ್ದೇ ಬರೆದೈತೆ. ಬಂಡೆ ನರಳ್ತು.”

“ಆಣೆ ಮಾಡಿ ಹೇಳ್ತೀಯಾ?”

“ನನ್ ಮಕ್ಕಳ ಮೇಲಾಣೆ ಸಾರ್. ನರಳ್ತು.”

ಆಗ ಅವಳು ಮೇಜಿನ ಮುಂದಕ್ಕೆ ಬಂದಳು. “ಇಲ್ಲ ಸಾರ್. ಅದು ನಾನು ಸೇರಿಸಿದ್ದು. ಅದು ಅಲಂಕಾರ ಸಾರ್. ಸದ್ದೇ ಇರಲಿಲ್ಲ. ಮಾಮ ಅವತ್ತೇ ಹೇಳಿದ್ರು, ಸದ್ದಿರಲಿಲ್ಲ ಅಂತ.”

ಅಧಿಕಾರಿ ಅವಳನ್ನು ಮರುಕದಿಂದಲೇ ನೋಡಿದ. “ಕೆಳಗಿದ್ದವನು ಅವನು. ಆಣೆ ಮಾಡಿ ಹೇಳ್ತಿದ್ದಾನೆ. ನೀನು ಅಲ್ಲಿ ಇದ್ದೆಯಾ?”

“ಇಲ್ಲ ಸಾರ್.”

“ಮತ್ತೆ?”

ಸೂಚನೆ ಸಿಕ್ಕಿಯೂ ಕೆಲಸ ಮುಂದುವರಿಸಿದ್ದರಿಂದ ಇಬ್ಬರದೂ ಅಲಕ್ಷ್ಯವೆಂದು ಬರೆದುಕೊಂಡರು. ಕುರ್ಚಿಯನ್ನು ಮತ್ತೆ ಎತ್ತಿದರು. ಹೊರಗೆ ಕುಪ್ಪುಸ್ವಾಮಿಯ ಹೆಂಡತಿ ಗಂಡನನ್ನು ತಮಿಳಿನಲ್ಲಿ ಬೈಯತೊಡಗಿದಳು, ಅವರ ಮನೆಯೂ ಹೋಗಿತ್ತು. ಆದಿಲಕ್ಷ್ಮಿ ಕುರ್ಚಿಯ ಪಕ್ಕ ಓಡುತ್ತ, “ಯಾಕೆ ಮಾಮ, ಯಾಕೆ ಹಂಗಂದ್ರಿ” ಎಂದು ಕೇಳಿದಳು.

“ನೀನು ಓದು ಪಾಪಾ” ಎಂದ ಅವನು.

ಮನೆ ಖಾಲಿ ಮಾಡಿ ಇಬ್ಬರೂ ಕಾಮಸಮುದ್ರದ ಬಸ್ಸು ಹತ್ತಿದರು. ಪಾತ್ರೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕಮುನಿಯಮ್ಮ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಗಣಿಯ ದಿಬ್ಬಗಳು ಮರೆಯಾದ ಮೇಲೆ ಒಂದು ಮಾತು ಕೇಳಿದಳು.

“ಬೆಳಿಗ್ಗೆಯಿಂದ ಅಂದ್ರೆ ಎಷ್ಟೊತ್ತಿಂದ?”

“ಏನತ್ತೆ?”

“ಬಂಡೆ ನರಳಿದ್ದು.”

“ಅತ್ತೆ, ಅದು ನರಳ್ಲಿಲ್ಲ. ನಾನು ಬರೆದದ್ದು ಅದು. ಸುಮ್ಮನೆ ಬರೆದದ್ದು.”

ಚಿಕ್ಕಮುನಿಯಮ್ಮ ಮತ್ತೆ ಕಿಟಕಿಯಾಚೆ ನೋಡಿದಳು.

ಸುಬ್ಬರಾಯಪ್ಪ ಮೇಷ್ಟ್ರು ಹೇಳಿಕಳಿಸಿ ತಮ್ಮ ಮನೆಯಲ್ಲೇ ಇರಿಸಿಕೊಂಡು ಪರೀಕ್ಷೆ ಬರೆಸಿದರು. ನಡೆದದ್ದನ್ನು ಅವಳು ಅವರಿಗೆ ಹೇಳಿದಳು. ಅವರು ಊಟದ ತಟ್ಟೆಯ ಮುಂದೆ ಕೈ ತೊಳೆಯದೆ ಬಹಳ ಹೊತ್ತು ಕೂತಿದ್ದರು. ಕನ್ನಡದ ಪತ್ರಿಕೆಯಲ್ಲಿ ತಾನೇನು ಬರೆದೆನೆಂಬುದು ಅವಳಿಗೆ ಹೊರಬರುವಾಗಲೇ ನೆನಪಿರಲಿಲ್ಲ.

ಅವಳು ಹಳ್ಳಿಗೆ ಮರಳಿದ್ದು ಅಮಾವಾಸ್ಯೆಯ ದಿನ. ಹೋದವರಿಗೆ ಅಂದು ಎಡೆ ಇಡುವುದು ಆ ಮನೆಯ ಪದ್ಧತಿ. ಓಬಳಮ್ಮ ಗೋಡೆಯ ಬುಡದಲ್ಲಿ ಸಾರಿಸಿ, ತನ್ನ ಗಂಡನಿಗೊಂದು, ಮಗಳಿಗೊಂದು, ಮಗನಿಗೊಂದು ಎಂದು ಮುತ್ತುಗದ ಎಲೆ ಹಾಸಿದ್ದಳು. ಪಕ್ಕದ ಮನೆಯ ಪಾಪಕ್ಕ ಹಜಾರದಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದಳು. ಚಿಕ್ಕಮುನಿಯಮ್ಮ ತನ್ನ ಮಾವನಿಗೆ ಬಡಿಸಿದಳು, ನಾದಿನಿಗೆ ಬಡಿಸಿದಳು, ಮೂರನೆಯ ಎಲೆಯ ಮುಂದೆ ಬಂದು ಪಾತ್ರೆ ಕೆಳಗಿಟ್ಟುಬಿಟ್ಟಳು.

“ಅವ್ನಿಗೆ ನಾನು ಇಕ್ಕಲ್ಲ ಅತ್ತೆ.”

“ಯಾಕವ್ವ?” ಎಂದಳು ಓಬಳಮ್ಮ.

“ಬೆಳಿಗ್ಗೆಯಿಂದ ನರಳ್ತಿತ್ತಂತೆ. ಬಾಯಿಬಿಟ್ಟು ಓಗಿ ಅಂತಿತ್ತಂತೆ. ಕೇಳುಸ್ಕೊಂಡೂ ನಗ್ತಾ ನಿಂತಿದ್ದ. ಒಂದು ಗಳಿಗೆ ನನ್ನ ನೆನಸ್ಕೊಂಡಿದ್ರೆ ಎದ್ದು ಬರ್ತಿದ್ದ. ಮನೆಗೆ ಬರಾಕೆ ಇಷ್ಟ ಇಲ್ದಿರೋನ್ನ ಎಡೆ ಇಕ್ಕಿ ಕರೀಬೇಕಾ?”

“ಬಿಡವ್ವ, ಯೋಳೋ ಮಾತಾ ಇದು” ಎಂದಳು ಪಾಪಕ್ಕ, ಜಗಿಯುವುದನ್ನು ನಿಲ್ಲಿಸಿ.

ಓಬಳಮ್ಮ ಮೊಮ್ಮಗಳ ಕಡೆ ತಿರುಗಿದಳು. ಆ ಮುಖದಲ್ಲಿ ಕಥೆ ಹೇಳುವವಳ ಲಕ್ಷಣವೇನೂ ಉಳಿದಿರಲಿಲ್ಲ. “ನೀನು ಯೋಳು. ಕೇಳುಸ್ತಾ ನನ್ ಮಗನಿಗೆ?”

ಆದಿಲಕ್ಷ್ಮಿ ಗೋಡೆ ಬಿಟ್ಟು ಎದ್ದು ನಿಂತಳು. “ಇಲ್ಲ ಅಜ್ಜಿ. ಏನೂ ಕೇಳಿಸಲಿಲ್ಲ. ಮಾವ ಬೀಡಿ ಕೇಳಿದ್ದ. ಕುಪ್ಪುಸ್ವಾಮಿ ಮಾಮ ನಗ್ತಿದ್ರು. ಅಷ್ಟೊತ್ತಿಗೆ ಬಂಡೆ ಬಿತ್ತು. ಅಷ್ಟೇ.”

ಅವಳು ಜೀವನದಲ್ಲಿ ಹೇಳಿದ ಎಲ್ಲ ಮಾತುಗಳಲ್ಲಿ ಅದರಷ್ಟು ಬೋಳಾದ ಮಾತು ಇನ್ನೊಂದಿರಲಿಲ್ಲ.

ಚಿಕ್ಕಮುನಿಯಮ್ಮ ಅವಳನ್ನು ಕೋಪವಿಲ್ಲದೆ ನೋಡಿದಳು. “ನನ್ನ ಸಮಾಧಾನಕ್ಕೆ ಕಟ್ಟಿ ಏಳ್ತಾಳೆ, ಪಾಪ. ಮಕ್ಕಳ ಮೇಲೆ ಆಣೆ ಮಾಡಿ ಏಳ್ದೋನಿಗೆ ಗೊತ್ತಿಲ್ವಾ, ಇವಳಿಗೆ ಗೊತ್ತಾ.” ಸೆರಗಿನಿಂದ ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು.

ಓಬಳಮ್ಮ ತಾನೇ ಪಾತ್ರೆ ಎಳೆದುಕೊಂಡು ಮುದ್ದೆ ಮುರಿದು ಮಗನ ಎಲೆಗೆ ಇಟ್ಟಳು. ಸಾರು ಬಡಿಸಲು ಸೌಟು ಎತ್ತಿದ ಅವಳ ಕೈ ಎಲೆಯ ಮೇಲೆ ಬಂದು ನಿಂತಿತು, ಬಗ್ಗಲಿಲ್ಲ. “ನಿಂಗೆ ಕೇಳುಸ್ತೇನೋ ಮಗಾ?” ಎಂದಳು ಮೆಲ್ಲಗೆ, ಯಾರನ್ನೂ ನೋಡದೆ.